ಕೋರ್‌ಬೂಟ್ ಮೇಲೆ ನಿಮ್ಮದೇ ಪ್ರೋಗ್ರಾಂ ಓಡಿಸಿ: ಲಿಬ್‌ಪೇಲೋಡ್ ಕೈಪಿಡಿ

ಕೋರ್‌ಬೂಟ್ ಬೇಕಂತಲೇ ಕಡಿಮೆ ಕೆಲಸ ಮಾಡುವ ಫರ್ಮ್‌ವೇರ್. ಪವರ್ ಬಂದ ಕೂಡಲೇ ಪ್ರೊಸೆಸರ್, ರ‍್ಯಾಮ್, ಚಿಪ್‌ಸೆಟ್ ಇವನ್ನು ಎಬ್ಬಿಸುತ್ತದೆ. ಆಮೇಲೆ ಇನ್ನೊಂದು ಪ್ರೋಗ್ರಾಂ ಕೈಗೆ ಯಂತ್ರವನ್ನು ಒಪ್ಪಿಸಿ ಪಕ್ಕಕ್ಕೆ ಸರಿಯುತ್ತದೆ. ಡಿಸ್ಕ್ ಓದುವುದು, ಮೆನು ತೋರಿಸುವುದು, ಲಿನಕ್ಸ್ ಶುರು ಮಾಡುವುದು ಯಾವುದೂ ಅದರ ಕೆಲಸವಲ್ಲ. ಹಾಗೆ ಯಂತ್ರವನ್ನು ವಹಿಸಿಕೊಳ್ಳುವ ಪ್ರೋಗ್ರಾಂಗೆ ಪೇಲೋಡ್ ಅಂತ ಹೆಸರು. ಹಳೆಯ ಬಯಾಸ್‌ನ ಕೆಲಸ ಮಾಡುವ ಸೀಬಯಾಸ್, ಲಿನಕ್ಸ್ ಶುರು ಮಾಡುವ ಗ್ರಬ್ ಎರಡೂ ಕೋರ್‌ಬೂಟ್ ಜೊತೆ ಪೇಲೋಡ್ ಆಗಿ ಓಡುತ್ತವೆ.

ನಾವೇ ಒಂದು ಪೇಲೋಡ್ ಬರೆಯಬಹುದಾ? ಧಾರಾಳವಾಗಿ. ಆದರೆ ಅಲ್ಲಿ ಆಪರೇಟಿಂಗ್ ಸಿಸ್ಟಂ ಇಲ್ಲ, ಸಿ ಲೈಬ್ರರಿ ಇಲ್ಲ, ಹಳೆಯ ಬಯಾಸ್‌ನ ಇಂಟರಪ್ಟ್ ಸೇವೆಗಳೂ ಇಲ್ಲ. ಒಂದು ಅಕ್ಷರ ತೆರೆಯ ಮೇಲೆ ಬರಬೇಕಾದರೂ ನೀವೇ ಹಾರ್ಡ್‌ವೇರ್ ಮುಟ್ಟಬೇಕು. ಖಾಲಿ ಮನೆಗೆ ಹೋಗುವಾಗ ಒಂದು ಒಲೆ, ನಾಲ್ಕು ಪಾತ್ರೆ ಕಟ್ಟಿಕೊಂಡು ಹೋಗುತ್ತೇವಲ್ಲ, ಲಿಬ್‌ಪೇಲೋಡ್ ಆ ಗಂಟು. ಸಿ ಲೈಬ್ರರಿಯ ಅಗತ್ಯ ಭಾಗ, ಸೀರಿಯಲ್ ಮತ್ತು ವಿಡಿಯೋ ಕನ್ಸೋಲ್, ಕೀಬೋರ್ಡ್, ಯುಎಸ್‌ಬಿ, ಪಿಸಿಐ, ಅಕ್ಷರಗಳಲ್ಲೇ ಮೆನು ಕಟ್ಟಿಕೊಡುವ ಕರ್ಸಸ್, ಎಲ್‌ಝಡ್‌ಎಂಎ ಎಂಬ ಸಂಕುಚನ ಬಿಚ್ಚುವ ಕೋಡ್, ಕೋರ್‌ಬೂಟ್ ಬಿಟ್ಟುಹೋದ ಮಾಹಿತಿ ಓದುವ ಕೋಡ್, ಎಲ್ಲ ಅದರಲ್ಲಿದೆ.

ಕೋರ್‌ಬೂಟ್ ಶುರುವಾದದ್ದು 1999ರಲ್ಲಿ, ಅಮೆರಿಕದ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ, ರಾನ್ ಮಿನ್ನಿಚ್ ಅವರ ಕೈಯಲ್ಲಿ. ಆಗ ಅದರ ಹೆಸರು ಲಿನಕ್ಸ್‌ಬಯಾಸ್. 2008ರಲ್ಲಿ ಹೆಸರು ಬದಲಾಯಿತು, ಲಿಬ್‌ಪೇಲೋಡ್ ಬಂದದ್ದೂ ಅದೇ ವರ್ಷ. ಇವತ್ತು ಕ್ರೋಮ್‌ಬುಕ್‌ಗಳಲ್ಲಿ ಬೂಟ್ ಮಾಡಿಸುವ ಡೆಪ್ತ್‌ಚಾರ್ಜ್ ಕೂಡ ಲಿಬ್‌ಪೇಲೋಡ್ ಮೇಲೆಯೇ ನಿಂತಿದೆ. ಅಂದರೆ ಇದು ಬರೀ ಆಟದ ಸಾಮಾನಲ್ಲ. ಆಟವೂ ಇದೆ ಅನ್ನಿ, ಟೆಟ್ರಿಸ್ ಥರದ ಟಿಂಟ್ ಎಂಬ ಆಟ ಪೇಲೋಡ್ ಆಗಿ ಓಡುತ್ತದೆ.

ಲೈಸೆನ್ಸ್ ಬಗ್ಗೆ ಒಂದೇ ಮಾತು. ಕೋರ್‌ಬೂಟ್ ಜಿಪಿಎಲ್ 2ರಲ್ಲಿದೆ, ಲಿಬ್‌ಪೇಲೋಡ್ ಬಿಎಸ್‌ಡಿ ಲೈಸೆನ್ಸಿನಲ್ಲಿದೆ. ನಿಮ್ಮ ಪೇಲೋಡ್‌ನ ಸೋರ್ಸ್ ಹಂಚುವುದು ಬಿಡುವುದು ನಿಮ್ಮ ಇಷ್ಟ. ಮೆನುವಿನಲ್ಲಿ ಜಿಪಿಎಲ್ ಕೋಡ್ ಸೇರಿಸಿಕೊಳ್ಳುವ ಆಯ್ಕೆಯೊಂದಿದೆ. ಅದನ್ನು ಟಿಕ್ ಮಾಡಿದರೆ ಲೆಕ್ಕ ಬೇರೆ.

ಕಮಾಂಡ್ ಮತ್ತು ಫೈಲ್ ಹೆಸರುಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು, ಗೊತ್ತಲ್ವಾ. ಸಿ ಭಾಷೆ ಸ್ವಲ್ಪ ಬರಬೇಕು, ಲಿನಕ್ಸ್ ಟರ್ಮಿನಲ್ ಕಂಡರೆ ಭಯ ಇರಬಾರದು. ನಿಜವಾದ ಬೋರ್ಡ್ ಸದ್ಯಕ್ಕೆ ಬೇಡ, ಕ್ಯೂಎಮು ಎಮ್ಯುಲೇಟರ್ ಸಾಕು.

ಮೊದಲು ಕಂಪೈಲರ್

ಡೆಬಿಯನ್ ಅಥವಾ ಉಬುಂಟು ಆದರೆ ಬಿಲ್ಡ್-ಎಸೆನ್ಷಿಯಲ್, ಗಿಟ್, ಬೈಸನ್, ಫ್ಲೆಕ್ಸ್, ಕರ್ಲ್, ಗ್ನಾಟ್, ಎನ್‌ಕರ್ಸಸ್ ಮತ್ತು ಝಡ್‌ಲಿಬ್‌ನ ಡೆವ್ ಪ್ಯಾಕೇಜುಗಳನ್ನು ಹಾಕಿಕೊಳ್ಳಿ. ಗ್ನಾಟ್ ಅಂದರೆ ಏಡಾ ಭಾಷೆಯ ಕಂಪೈಲರ್. ಇಲ್ಲಿ ಏಡಾ ಯಾಕೆ ಅಂತ ಅನ್ನಿಸಬಹುದು. ಕೋರ್‌ಬೂಟ್‌ನ ಗ್ರಾಫಿಕ್ಸ್ ಕೋಡಿನ ಒಂದು ಭಾಗ ಅದರಲ್ಲಿದೆ.

ಆಮೇಲೆ ಕೋರ್‌ಬೂಟ್‌ನ ಗಿಟ್ ರೆಪೊಸಿಟರಿ ಕ್ಲೋನ್ ಮಾಡಿ ಅದರೊಳಗೆ ಹೋಗಿ, ಮೇಕ್ ಕ್ರಾಸ್‌ಜಿಸಿಸಿ-ಐ386 ಎಂದು ಕೊಡಿ. ಕೊನೆಗೆ ಸಿಪಿಯುಎಸ್ ಅಂತ ಕ್ಯಾಪಿಟಲ್ ಅಕ್ಷರದಲ್ಲಿ ಬರೆದು, ಸಮ ಚಿಹ್ನೆ ಹಾಕಿ, ನಿಮ್ಮ ಕೋರ್‌ಗಳ ಸಂಖ್ಯೆ ಕೊಟ್ಟರೆ ಬೇಗ ಮುಗಿಯುತ್ತದೆ. ಬೇಗ ಅಂದರೂ ಕಾಫಿ ಮಾಡಿ ಕುಡಿದು ಬರುವಷ್ಟು ಹೊತ್ತು ಇದೆ, ಏಕೆಂದರೆ ಪೂರ್ತಿ ಜಿಸಿಸಿ ಕಂಪೈಲ್ ಆಗುತ್ತಿರುತ್ತದೆ.

ಸಿಸ್ಟಂನಲ್ಲಿರುವ ಜಿಸಿಸಿಯನ್ನೇ ಬಳಸಿದರೆ ಏನಾಗುತ್ತದೆ? ಒಮ್ಮೊಮ್ಮೆ ನಡೆಯುತ್ತದೆ. ಆದರೆ ಲಿನಕ್ಸ್ ಡಿಸ್ಟ್ರಿಬ್ಯೂಷನ್‌ಗಳು ತಮ್ಮ ಕಂಪೈಲರ್‌ನಲ್ಲಿ ಸ್ಟ್ಯಾಕ್ ರಕ್ಷಣೆ, ಸ್ಥಳ ಬದಲಿಸಬಹುದಾದ ಕೋಡ್ ಇಂಥವನ್ನು ತಾವಾಗಿಯೇ ಆನ್ ಮಾಡಿಟ್ಟಿರುತ್ತವೆ. ಆಪರೇಟಿಂಗ್ ಸಿಸ್ಟಂ ಕೆಳಗಿದ್ದರೆ ಅವು ಒಳ್ಳೆಯದೇ. ಇಲ್ಲಿ ಕೆಳಗೆ ಏನೂ ಇಲ್ಲ. ಈ ಒಂದು ಹೆಜ್ಜೆಯಲ್ಲಿ ಸಮಯ ಉಳಿಸಲು ಹೋಗಬೇಡಿ.

ಕಾನ್ಫಿಗ್: ಅರ್ಧ ಕೆಲಸ ಇಲ್ಲೇ ಇದೆ

ಕೋರ್‌ಬೂಟ್ ಫೋಲ್ಡರಿನೊಳಗೆ ಪೇಲೋಡ್ಸ್, ಅದರೊಳಗೆ ಲಿಬ್‌ಪೇಲೋಡ್. ಅಲ್ಲಿಗೆ ಹೋಗಿ ಮೊದಲು ಮೇಕ್ ಡೆಫ್‌ಕಾನ್ಫಿಗ್, ಆಮೇಲೆ ಮೇಕ್ ಮೆನುಕಾನ್ಫಿಗ್ ಕೊಡಿ. ಲಿನಕ್ಸ್ ಕರ್ನಲ್ ಕಂಪೈಲ್ ಮಾಡಿದವರಿಗೆ ಈ ನೀಲಿ ಮೆನು ಪರಿಚಿತ.

ಹೊಸಬರು ಈ ಮೆನುವನ್ನು ಸುಮ್ನೆ ದಾಟಿಹೋಗುತ್ತಾರೆ. ಆಮೇಲೆ ತೆರೆ ಕಪ್ಪಾಗಿ ಕೂತಾಗ ತಮ್ಮ ಸಿ ಕೋಡಿನಲ್ಲಿ ತಪ್ಪು ಹುಡುಕುತ್ತಾರೆ. ನನ್ನ ಪ್ರಕಾರ ಲಿಬ್‌ಪೇಲೋಡ್‌ನಲ್ಲಿ ಬರುವ ತೊಂದರೆಗಳಲ್ಲಿ ಜಾಸ್ತಿ ಪಾಲು ಕೋಡಿನದಲ್ಲ, ಈ ಮೆನುವಿನದು. ಹಾಗಾಗಿ ನಾಲ್ಕು ಕಡೆ ನಿಂತು ನೋಡಿ.

ಒಂದು, ವಿಡಿಯೋ ಕನ್ಸೋಲ್. ಇಲ್ಲಿ ಹಳೆಯ ವಿಜಿಎ ಟೆಕ್ಸ್ಟ್ ಮೋಡ್‌ಗೆ ಒಂದು ಡ್ರೈವರ್, ಕೋರ್‌ಬೂಟ್ ಸಿದ್ಧ ಮಾಡಿಕೊಟ್ಟ ಫ್ರೇಮ್‌ಬಫರ್‌ಗೆ (ತೆರೆಯ ಚುಕ್ಕೆಗಳನ್ನು ಬರೆಯುವ ಮೆಮೊರಿಗೆ) ಇನ್ನೊಂದು. ಕೋರ್‌ಬೂಟ್‌ನ ಮೆನುವಿನಲ್ಲಿ ಡಿಸ್ಪ್ಲೇ ಎಂಬಲ್ಲಿ ಟೆಕ್ಸ್ಟ್ ಮೋಡ್ ಆರಿಸಿದ್ದೀರಾ ಅಥವಾ ಹೈ ರೆಸಲ್ಯೂಷನ್ ಫ್ರೇಮ್‌ಬಫರ್ ಆರಿಸಿದ್ದೀರಾ ಎಂಬುದಕ್ಕೆ ಇದು ಹೊಂದಬೇಕು. ಹೊಂದದಿದ್ದರೆ ಪ್ರೋಗ್ರಾಂ ಸರಿಯಾಗಿ ಓಡುತ್ತಿದ್ದರೂ ತೆರೆ ಮೇಲೆ ಏನೂ ಕಾಣುವುದಿಲ್ಲ. ಎರಡನ್ನೂ ಆನ್ ಮಾಡಿಬಿಡಿ. ಶುರುವಾಗುವಾಗ ಲೈಬ್ರರಿ ಒಂದೊಂದನ್ನೇ ಪ್ರಯತ್ನಿಸಿ, ನಡೆಯುವುದನ್ನು ಹಿಡಿದುಕೊಳ್ಳುತ್ತದೆ.

ಎರಡು, ಸೀರಿಯಲ್ ಕನ್ಸೋಲ್. ಇದು ಮೊದಲೇ ಆನ್ ಇರುತ್ತದೆ, ಹಾಗೇ ಇರಲಿ. ಆದರೆ ಇದು ಪೋರ್ಟ್‌ನ ವಿವರವನ್ನು ಕೋರ್‌ಬೂಟ್ ಕೊಟ್ಟ ಪಟ್ಟಿಯಿಂದ ತೆಗೆದುಕೊಳ್ಳುತ್ತದೆ. ಕೋರ್‌ಬೂಟ್‌ನಲ್ಲೇ ಸೀರಿಯಲ್ ಔಟ್‌ಪುಟ್ ಆಫ್ ಮಾಡಿದ್ದರೆ ಇಲ್ಲಿ ಆನ್ ಇದ್ದು ಪ್ರಯೋಜನವಿಲ್ಲ.

ಮೂರು, ಸಿಬಿಮೆಮ್ ಕನ್ಸೋಲ್. ಇದನ್ನು ಆನ್ ಮಾಡಿದರೆ ನೀವು ಪ್ರಿಂಟ್ ಮಾಡಿದ್ದೆಲ್ಲ ರ‍್ಯಾಮ್‌ನಲ್ಲಿರುವ ಕೋರ್‌ಬೂಟ್ ಲಾಗ್‌ನ ಕೊನೆಗೆ ಸೇರುತ್ತದೆ. ಸೀರಿಯಲ್ ಪೋರ್ಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಇದು ಕೈಹಿಡಿಯುತ್ತದೆ.

ನಾಲ್ಕು, ಮೆಮೊರಿ. ಹೀಪ್ 131072 ಬೈಟ್, ಅಂದರೆ 128 ಕೆಬಿ. ಸ್ಟ್ಯಾಕ್ 16384 ಬೈಟ್, ಅಂದರೆ 16 ಕೆಬಿ. ಮೊದಲು ಇರುವುದು ಇಷ್ಟೇ. ಲಿನಕ್ಸ್‌ನಲ್ಲಿ ಫಂಕ್ಷನ್ ಒಳಗೆ ದೊಡ್ಡ ಅರೇ ಬರೆದು ಅಭ್ಯಾಸ ಇರುವವರು ಇಲ್ಲಿ ಎಡವುತ್ತಾರೆ. ಸ್ಟ್ಯಾಕ್ ತುಂಬಿ ಹರಿದರೆ ತಡೆಯುವವರಿಲ್ಲ, ಪಕ್ಕದ ಡೇಟಾ ಸುಮ್ಮನೆ ಕೆಡುತ್ತದೆ. ದೊಡ್ಡ ಬಫರ್ ಬೇಕಿದ್ದರೆ ಹೀಪ್ ಹಿಗ್ಗಿಸಿ ಮ್ಯಾಲಕ್ ಬಳಸಿ. ಮ್ಯಾಲಕ್ ನಲ್ ಕೊಟ್ಟಿತಾ ಅಂತ ನೋಡುವುದನ್ನು ಇಲ್ಲಾದರೂ ಬಿಡಬೇಡಿ.

ಸೇವ್ ಮಾಡಿ ಹೊರಬಂದು ಮೇಕ್, ನಂತರ ಮೇಕ್ ಇನ್‌ಸ್ಟಾಲ್. ಇದು ನಿಮ್ಮ ಸಿಸ್ಟಂ ಫೋಲ್ಡರುಗಳನ್ನು ಮುಟ್ಟುವುದಿಲ್ಲ. ಅಲ್ಲೇ ಇನ್‌ಸ್ಟಾಲ್ ಎಂಬ ಫೋಲ್ಡರ್ ಮಾಡಿ ಅದರೊಳಗೆ ಲೈಬ್ರರಿ, ಹೆಡರ್ ಫೈಲುಗಳು, ಎಲ್‌ಪಿಜಿಸಿಸಿ ಎಂಬ ಸ್ಕ್ರಿಪ್ಟ್ ಇಡುತ್ತದೆ. ಮುಂದೆ ಯಾವಾಗ ಮೆನು ಬದಲಿಸಿದರೂ ಈ ಎರಡನ್ನೂ ಮತ್ತೆ ಓಡಿಸಬೇಕು, ನಿಮ್ಮ ಪ್ರೋಗ್ರಾಂನಲ್ಲಿ ಮೇಕ್ ಕ್ಲೀನ್ ಮಾಡಿ ಹೊಸದಾಗಿ ಕಟ್ಟಬೇಕು. ಹಳೆಯ ಲೈಬ್ರರಿಗೆ ಹೊಸ ಹೆಡರ್ ಸೇರಿಕೊಂಡರೆ ಆಗುವ ಪಜೀತಿ ಹೇಳತೀರದು.

ಹಲೋ

ಲಿಬ್‌ಪೇಲೋಡ್ ಒಳಗೆ ಸ್ಯಾಂಪಲ್ ಎಂಬ ಫೋಲ್ಡರ್ ಇದೆ. ಅದರಲ್ಲಿ ಹಲೋ.ಸಿ ಮತ್ತು ಒಂದು ಮೇಕ್‌ಫೈಲ್. ಲಿಬ್‌ಪೇಲೋಡ್.ಎಚ್ ಒಂದನ್ನೇ ಇನ್‌ಕ್ಲೂಡ್ ಮಾಡಿ, ಮೇನ್ ಒಳಗೆ ಒಂದು ಪ್ರಿಂಟ್‌ಎಫ್ ಬರೆದು, ಕೊನೆಗೆ ಹಾಲ್ಟ್ ಕರೆದರೆ ಒಂದು ಪೂರ್ತಿ ಪೇಲೋಡ್ ಆಯಿತು. ಹಾಲ್ಟ್ ಮರೆಯಬೇಡಿ. ಮೇನ್‌ನಿಂದ ರಿಟರ್ನ್ ಆದರೆ ಲೈಬ್ರರಿ ತನ್ನನ್ನು ಕರೆದವರ ಹತ್ತಿರ ಹಿಂದಿರುಗಲು ನೋಡುತ್ತದೆ. ಕೋರ್‌ಬೂಟ್ ಅಂತೂ ಪೇಲೋಡ್ ವಾಪಸ್ ಬರಲಿ ಅಂತ ಕಾದು ಕೂತಿರುವುದಿಲ್ಲ.

ಸ್ಯಾಂಪಲ್‌ನಲ್ಲಿ ಮೇಕ್ ಕೊಟ್ಟರೆ ಹಲೋ.ಎಲ್ಫ್ ಸಿಗುತ್ತದೆ, ಓಡಿಸಲು ಸಿದ್ಧವಾದ ಪ್ರೋಗ್ರಾಂ ಫೈಲ್ ಅದು. ಇಲ್ಲಿ ಕೆಲಸ ಮಾಡಿದ್ದು ಎಲ್‌ಪಿಜಿಸಿಸಿ. ಅದು ಹೊಸ ಕಂಪೈಲರ್ ಅಲ್ಲ, ಜಿಸಿಸಿಗೆ ಸರಿಯಾದ ಆಯ್ಕೆಗಳನ್ನು ಸೇರಿಸಿ ಕರೆಯುವ ಶೆಲ್ ಸ್ಕ್ರಿಪ್ಟ್ ಅಷ್ಟೇ. ಮಾಮೂಲಿ ಸಿ ಲೈಬ್ರರಿ ಬೇಡ ಎನ್ನುತ್ತದೆ, ಲಿಬ್‌ಪೇಲೋಡ್‌ನ ಹೆಡರ್ ದಾರಿ ತೋರಿಸುತ್ತದೆ, ಶುರುವಿನ ಅಸೆಂಬ್ಲಿ ತುಣುಕನ್ನೂ ಲಿಂಕರ್ ಸ್ಕ್ರಿಪ್ಟನ್ನೂ ಜೋಡಿಸುತ್ತದೆ. ಎಕ್ಸ್86ನಲ್ಲಿ ಪ್ರೋಗ್ರಾಂ ಮೆಮೊರಿಯ 1 ಎಂಬಿ ಗುರುತಿನಿಂದ ಕೂರುತ್ತದೆ. ನಿಮ್ಮ ಮೇನ್‌ಗಿಂತ ಮೊದಲು ಲೈಬ್ರರಿ ಕೋರ್‌ಬೂಟ್ ಪಟ್ಟಿ ಓದಿ, ಕನ್ಸೋಲ್ ಎಬ್ಬಿಸಿ, ಎಕ್ಸೆಪ್ಷನ್ ಹಿಡಿಯುವ ವ್ಯವಸ್ಥೆ ಮಾಡಿರುತ್ತದೆ. ಪ್ರಿಂಟ್‌ಎಫ್ ಮೊದಲ ಸಾಲಿನಿಂದಲೇ ನಡೆಯುವುದು ಹಾಗಾಗಿ.

ನಿಮ್ಮ ಸ್ವಂತ ಪ್ರೋಗ್ರಾಂಗೆ ಈ ಫೋಲ್ಡರನ್ನೇ ನಕಲು ಮಾಡಿಕೊಳ್ಳಿ. ಬೇರೆ ಕಡೆ ಇಟ್ಟರೆ ಮೇಕ್‌ಫೈಲಿನಲ್ಲಿರುವ ಎರಡು ಚುಕ್ಕೆಯ ದಾರಿಗಳನ್ನು ಸರಿ ಮಾಡಿ.

ಕ್ಯೂಎಮುನಲ್ಲಿ ಓಡಿಸುವುದು

ಕೋರ್‌ಬೂಟ್‌ನ ಮೇಲಿನ ಫೋಲ್ಡರಿಗೆ ವಾಪಸ್ ಬನ್ನಿ. ಇಲ್ಲೂ ಮೇಕ್ ಮೆನುಕಾನ್ಫಿಗ್, ಆದರೆ ಇದು ಕೋರ್‌ಬೂಟ್‌ನದು, ಲಿಬ್‌ಪೇಲೋಡ್‌ನದಲ್ಲ. ಎರಡೂ ಒಂದೇ ಥರ ಕಾಣುವುದರಿಂದ ಗೊಂದಲ ಆಗುವುದು ಸಹಜ. ಮೇನ್‌ಬೋರ್ಡ್‌ನಲ್ಲಿ ಎಮ್ಯುಲೇಷನ್, ಅದರಲ್ಲಿ ಐ440ಎಫ್‌ಎಕ್ಸ್ ಆರಿಸಿ. ಪೇಲೋಡ್ ಎಂಬಲ್ಲಿ ಎಲ್ಫ್ ಪೇಲೋಡ್ ಆಯ್ಕೆ ಮಾಡಿ ಹಲೋ.ಎಲ್ಫ್‌ನ ದಾರಿ ಕೊಡಿ. ಮೇಕ್ ಮುಗಿದಾಗ ಬಿಲ್ಡ್ ಫೋಲ್ಡರಿನಲ್ಲಿ ಕೋರ್‌ಬೂಟ್ ಹೆಸರಿನ ರೋಮ್ ಫೈಲ್ ಇರುತ್ತದೆ. ಅದನ್ನು ಕ್ಯೂಎಮುಗೆ ಬಯಾಸ್ ಆಯ್ಕೆಯಲ್ಲಿ ಕೊಟ್ಟು, ಜೊತೆಗೆ ಸೀರಿಯಲ್ ಅನ್ನು ಎಸ್‌ಟಿಡಿಐಒಗೆ ತಿರುಗಿಸಿ. ಟರ್ಮಿನಲ್‌ನಲ್ಲಿ ಕೋರ್‌ಬೂಟ್‌ನ ಉದ್ದನೆಯ ಲಾಗ್ ಓಡಿ, ಕೊನೆಯಲ್ಲಿ ನಿಮ್ಮ ಸಾಲು ಬರುತ್ತದೆ.

ಪ್ರತಿ ಸಲ ಪೂರ್ತಿ ಕೋರ್‌ಬೂಟ್ ಕಟ್ಟುವ ಅಗತ್ಯವಿಲ್ಲ. ಸಿಬಿಎಫ್‌ಎಸ್‌ಟೂಲ್ ಎಂಬ ಸಾಧನ ರೋಮ್ ಒಳಗಿನ ಸಿಬಿಎಫ್‌ಎಸ್ ಎಂಬ ಪುಟ್ಟ ಫೈಲ್‌ಸಿಸ್ಟಂ ಅನ್ನು ನೇರ ತಿದ್ದುತ್ತದೆ. ಪ್ರಿಂಟ್ ಕೊಟ್ಟರೆ ಒಳಗೆ ಏನೇನಿದೆ ತೋರಿಸುತ್ತದೆ. ಫಾಲ್‌ಬ್ಯಾಕ್/ಪೇಲೋಡ್ ಎಂಬ ಹೆಸರಿನದು ನಿಮ್ಮದು. ಅದನ್ನು ರಿಮೂವ್ ಮಾಡಿ, ಆಡ್-ಪೇಲೋಡ್ ಮೂಲಕ ಹೊಸ ಎಲ್ಫ್ ಅನ್ನು ಅದೇ ಹೆಸರಲ್ಲಿ ಸೇರಿಸಿ. ಸಂಕುಚನ ಬೇಕಿದ್ದರೆ ಎಲ್‌ಝಡ್‌ಎಂಎ ಅಂತ ಹೇಳಿ. ಈ ಎರಡು ಸಾಲನ್ನು ಒಂದು ಸ್ಕ್ರಿಪ್ಟಿಗೆ ಹಾಕಿಟ್ಟುಕೊಂಡರೆ ತಿದ್ದು, ಕಟ್ಟು, ಓಡಿಸು ಎಲ್ಲ ಕ್ಷಣದಲ್ಲಿ ಆಗುತ್ತದೆ.

ಈಗ ಏನಾದರೂ ಉಪಯೋಗದ್ದು

ಮೂರು ಸಣ್ಣ ಕೆಲಸ ಮಾಡುವ ಪ್ರೋಗ್ರಾಂ ಬರೆಯೋಣ: ಗಡಿಯಾರ ತೋರಿಸಬೇಕು, ಹಾರ್ಡ್‌ವೇರ್ ಗುರುತು ಓದಬೇಕು, ಒಂದು ಕೀ ಒತ್ತಿದರೆ ರೀಸೆಟ್ ಆಗಬೇಕು.

ಗಡಿಯಾರಕ್ಕೆ ಸ್ಟ್ರಕ್ಟ್ ಟಿಎಂ ಒಂದನ್ನು ಇಟ್ಟುಕೊಂಡು ಅದರ ವಿಳಾಸವನ್ನು ಆರ್‌ಟಿಸಿ_ರೀಡ್_ಕ್ಲಾಕ್‌ಗೆ ಕೊಡಿ. ತಿಂಗಳು ಸೊನ್ನೆಯಿಂದ ಶುರು, ವರ್ಷ 1900ರಿಂದ ಎಣಿಕೆ, ಮಾಮೂಲಿ ಸಿ ಲೈಬ್ರರಿಯ ಹಾಗೆಯೇ. ಸಮಯ ಐದೂವರೆ ಗಂಟೆ ಹಿಂದೆ ತೋರಿಸಿದರೆ ಗಾಬರಿ ಬೇಡ. ಕ್ಯೂಎಮು ತಾನಾಗಿ ಯುಟಿಸಿ ಸಮಯ ಕೊಡುತ್ತದೆ. ಆರ್‌ಟಿಸಿ ಆಯ್ಕೆಯಲ್ಲಿ ಬೇಸ್ ಅನ್ನು ಲೋಕಲ್‌ಟೈಮ್ ಮಾಡಿದರೆ ನಮ್ಮ ಸಮಯ ಬರುತ್ತದೆ.

ಹಾರ್ಡ್‌ವೇರ್ ಗುರುತಿಗೆ ಪಿಸಿಐ_ರೀಡ್_ಕಾನ್ಫಿಗ್32 ಫಂಕ್ಷನ್. ಬಸ್ 0, ಡಿವೈಸ್ 0, ಫಂಕ್ಷನ್ 0 ಇವನ್ನು ಪಿಸಿಐ_ಡೆವ್ ಮ್ಯಾಕ್ರೋಗೆ ಕೊಟ್ಟು ರಿಜಿಸ್ಟರ್ 0 ಓದಿ, ಹೆಕ್ಸ್‌ನಲ್ಲಿ ಪ್ರಿಂಟ್ ಮಾಡಿ. 12378086 ಅಂತ ಬರಬೇಕು. ಕೊನೆಯ 8086 ಇಂಟೆಲ್‌ನ ಗುರುತು, ಮುಂದಿನ 1237 ಐ440ಎಫ್‌ಎಕ್ಸ್ ಚಿಪ್‌ಸೆಟ್‌ನದು. ಆ ಸಂಖ್ಯೆ ಕಂಡರೆ ನೀವು ಮಧ್ಯೆ ಯಾರೂ ಇಲ್ಲದೆ ಚಿಪ್‌ಸೆಟ್ ಜೊತೆ ಮಾತಾಡಿದ್ದೀರಿ ಅಂತಲೇ.

ಮೂರನೆಯದು ಒಂದು ಲೂಪ್. ಹ್ಯಾವ್‌ಚಾರ್ ಹೌದು ಎಂದರೆ ಗೆಟ್‌ಚಾರ್‌ನಿಂದ ಅಕ್ಷರ ತೆಗೆದುಕೊಳ್ಳಿ. ಅದು ಆರ್ ಆಗಿದ್ದರೆ ಹೆಕ್ಸ್ ಸಿಎಫ್9 ಪೋರ್ಟಿಗೆ 6 ಬರೆಯಿರಿ, ಯಂತ್ರ ರೀಸೆಟ್ ಆಗುತ್ತದೆ. ಔಟ್‌ಬಿಯಲ್ಲಿ ಮೊದಲು ಬೆಲೆ, ಆಮೇಲೆ ಪೋರ್ಟ್. ಬೇರೆ ಕೆಲವು ಕಡೆ ಇದು ಉಲ್ಟಾ ಇರುತ್ತದೆ, ನೋಡಿಕೊಳ್ಳಿ.

ಯುಎಸ್‌ಬಿ ಕೀಬೋರ್ಡ್ ಇದ್ದರೆ ಇನ್ನೆರಡು ಮಾತು. ಲಿಬ್‌ಪೇಲೋಡ್‌ನಲ್ಲಿ ಯುಎಸ್‌ಬಿ ತಾನಾಗಿ ಏಳುವುದಿಲ್ಲ, ಯುಎಸ್‌ಬಿ_ಇನಿಷಿಯಲೈಜ್ ನೀವೇ ಕರೆಯಬೇಕು. ಇಂಟರಪ್ಟ್ ಕೂಡ ಇಲ್ಲ. ಕೀ ಒತ್ತಿದ್ದು ಗೊತ್ತಾಗಬೇಕಾದರೆ ಲೂಪಿನಲ್ಲಿ ಯುಎಸ್‌ಬಿ_ಪೋಲ್ ಆಗಾಗ ನಡೆಯುತ್ತಿರಬೇಕು. ಮಧ್ಯೆ ಹತ್ತು ಸೆಕೆಂಡಿನ ಡಿಲೇ ಹಾಕಿದರೆ ಆ ಹತ್ತು ಸೆಕೆಂಡು ಕೀಬೋರ್ಡ್ ಕಿವುಡು.

ಇನ್ನು ಎರಡು ಕೊರತೆ ಗೊತ್ತಿರಲಿ. ಪ್ರಿಂಟ್‌ಎಫ್‌ನಲ್ಲಿ ದಶಮಾಂಶ ಸಂಖ್ಯೆ ಬರುವುದಿಲ್ಲ, ಶೇಕಡಾ ತೋರಿಸಬೇಕಿದ್ದರೂ ಪೂರ್ಣಾಂಕದಲ್ಲೇ ಲೆಕ್ಕ ಹಾಕಿ. ಡಿಸ್ಕಿನ ಫೈಲ್ ತೆರೆಯುವ ಎಫ್‌ಓಪನ್ ಇಲ್ಲ. ರೋಮ್ ಒಳಗೆ ಸಿಬಿಎಫ್‌ಎಸ್‌ನಲ್ಲಿಟ್ಟ ಫೈಲನ್ನು ಮಾತ್ರ ಸಿಬಿಎಫ್‌ಎಸ್_ಮ್ಯಾಪ್ ಮೂಲಕ ಓದಬಹುದು. ಚಿತ್ರವೋ ಪಠ್ಯವೋ ಬೇಕಿದ್ದರೆ ಅಲ್ಲೇ ಇಡಿ.

ಕೋರ್‌ಬೂಟ್ ಬಿಟ್ಟುಹೋದ ಚೀಟಿ

ಲೈಬ್ರರಿಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಯಂತ್ರದಲ್ಲಿ ಎಷ್ಟು ರ‍್ಯಾಮ್ ಇದೆ, ಸೀರಿಯಲ್ ಪೋರ್ಟ್ ಎಲ್ಲಿದೆ, ಫ್ರೇಮ್‌ಬಫರ್ ಎಲ್ಲಿದೆ, ಬೋರ್ಡ್ ಯಾವುದು ಎಂಬುದನ್ನೆಲ್ಲ ಕೋರ್‌ಬೂಟ್ ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ. ಎಕ್ಸ್86ನಲ್ಲಿ ಲಿಬ್‌ಪೇಲೋಡ್ ಮೆಮೊರಿಯ ಮೊದಲ 4 ಕೆಬಿಯಲ್ಲಿ ಎಲ್‌ಬಿಐಒ ಎಂಬ ನಾಲ್ಕು ಅಕ್ಷರ ಹುಡುಕುತ್ತದೆ. ಲಿನಕ್ಸ್‌ಬಯಾಸ್ ಕಾಲದ ಆ ಗುರುತನ್ನು ಇವತ್ತಿಗೂ ಯಾರೂ ಬದಲಿಸಿಲ್ಲ. ಸಿಕ್ಕಿದ್ದನ್ನೆಲ್ಲ ಲಿಬ್_ಸಿಸ್‌ಇನ್ಫೋ ಎಂಬ ಗ್ಲೋಬಲ್ ಸ್ಟ್ರಕ್ಟ್‌ಗೆ ತುಂಬುತ್ತದೆ.

ಅದರಲ್ಲಿ ಎನ್_ಮೆಮ್‌ರೇಂಜಸ್ ಅಂದರೆ ತುಣುಕುಗಳ ಸಂಖ್ಯೆ, ಮೆಮ್‌ರೇಂಜ್ ಎಂಬ ಅರೇಯಲ್ಲಿ ಪ್ರತಿ ತುಣುಕಿನ ಬೇಸ್, ಸೈಜ್, ಟೈಪ್. ಒಂದು ಫಾರ್ ಲೂಪ್ ಹಾಕಿ ಪ್ರಿಂಟ್ ಮಾಡಿ. ಬೇಸ್ ಮತ್ತು ಸೈಜ್ 64 ಬಿಟ್, ಹಾಗಾಗಿ ಫಾರ್ಮ್ಯಾಟ್‌ನಲ್ಲಿ ಎಲ್ ಎರಡು ಸಲ ಬರಬೇಕು. ಒಂದೇ ಹಾಕಿದರೆ ಸಂಖ್ಯೆಗಳು ಅಡ್ಡಾದಿಡ್ಡಿ ಬರುತ್ತವೆ. ಟೈಪ್ 1 ಅಂದರೆ ಬಳಸಬಹುದಾದ ರ‍್ಯಾಮ್, 2 ಕಾದಿಟ್ಟದ್ದು, 16 ಕೋರ್‌ಬೂಟ್‌ನ ಪಟ್ಟಿಗಳು. ಕ್ಯೂಎಮುನಲ್ಲಿ ಮೊದಲ 4 ಕೆಬಿ ಟೈಪ್ 16 ಆಗಿ, ಅಲ್ಲಿಂದ 640 ಕೆಬಿವರೆಗೆ ರ‍್ಯಾಮ್ ಆಗಿ, ಮುಂದೆ 1 ಎಂಬಿವರೆಗೆ ಕಾದಿಟ್ಟ ಜಾಗವಾಗಿ ಕಾಣುತ್ತದೆ. 1981ರ ಐಬಿಎಂ ಪಿಸಿಯ 640 ಕೆಬಿ ಗೆರೆ ಇನ್ನೂ ಅಲ್ಲೇ ಇದೆ. ನೀವು ಬೇರೆ ಹೇಳದಿದ್ದರೆ ಕ್ಯೂಎಮು ಕೊಡುವುದು 128 ಎಂಬಿ, ಮೊತ್ತ ಅದರ ಹತ್ತಿರ ಬರುತ್ತದಾ ನೋಡಿ. ಹೀಪ್ ಬಿಟ್ಟು ಹೊರಗಿನ ಮೆಮೊರಿ ಮುಟ್ಟುವುದಾದರೆ ಟೈಪ್ 1 ಜಾಗ ಮಾತ್ರ ಮುಟ್ಟಿ. ಅದರಲ್ಲೂ 1 ಎಂಬಿಯಿಂದ ಶುರುವಾಗುವಲ್ಲಿ ನಿಮ್ಮ ಪ್ರೋಗ್ರಾಂ ತಾನೇ ಕೂತಿದೆ ಎಂಬುದು ನೆನಪಿರಲಿ.

ಕೈಕೊಟ್ಟಾಗ

ಪ್ರೋಗ್ರಾಂ ಸತ್ತರೆ ಲೈಬ್ರರಿ ಎಕ್ಸೆಪ್ಷನ್ ಹಿಡಿದು ರಿಜಿಸ್ಟರುಗಳನ್ನು ಪ್ರಿಂಟ್ ಮಾಡುತ್ತದೆ. ಅದರಲ್ಲಿ ಇಐಪಿ, ಅಂದರೆ ಓಡುತ್ತಿದ್ದ ಸೂಚನೆಯ ವಿಳಾಸ, ಹಿಡಿದು ಆಡ್‌ಆರ್2ಲೈನ್ ಎಂಬ ಸಾಧನಕ್ಕೆ ಕೊಟ್ಟರೆ ಯಾವ ಸಾಲು ಎಂದು ಸಿಗುತ್ತದೆ. ಸ್ಯಾಂಪಲ್ ಮೇಕ್‌ಫೈಲ್ ಡೀಬಗ್ ಮಾಹಿತಿಯನ್ನು ಹಲೋ.ಡೀಬಗ್ ಎಂಬ ಬೇರೆ ಫೈಲಿಗೆ ತೆಗೆದಿಡುತ್ತದೆ, ಅದನ್ನೇ ಬಳಸಿ.

ಇನ್ನೂ ಆಳಕ್ಕೆ ಇಳಿಯಬೇಕಾದರೆ ಕ್ಯೂಎಮುಗೆ ಸಣ್ಣ ಎಸ್, ದೊಡ್ಡ ಎಸ್ ಎರಡೂ ಆಯ್ಕೆ ಕೊಡಿ. ಅದು ಮೊದಲ ಸೂಚನೆಯಲ್ಲೇ ನಿಂತು ಜಿಡಿಬಿ ಎಂಬ ಡೀಬಗರ್‌ಗಾಗಿ 1234 ಪೋರ್ಟಿನಲ್ಲಿ ಕಾಯುತ್ತದೆ. ಮೇನ್‌ಗೆ ಬ್ರೇಕ್‌ಪಾಯಿಂಟ್ ಹಾಕುವಾಗ ಎಚ್‌ಬ್ರೇಕ್, ಅಂದರೆ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ಬಳಸಿ. ಆ ಹೊತ್ತಿಗೆ ನಿಮ್ಮ ಪೇಲೋಡ್ ಇನ್ನೂ ರ‍್ಯಾಮ್‌ಗೆ ಬಂದಿರುವುದಿಲ್ಲ. ಮೆಮೊರಿಯಲ್ಲಿ ಗುರುತು ಬರೆದಿಡುವ ಮಾಮೂಲಿ ಬ್ರೇಕ್‌ಪಾಯಿಂಟ್ ಮೇಲೆ ಕೋರ್‌ಬೂಟ್ ಪೇಲೋಡ್ ಅನ್ನು ನಕಲು ಮಾಡಿದರೆ ಗುರುತು ಅಳಿಸಿಹೋಗಬಹುದು.

ನಿಜವಾದ ಯಂತ್ರಕ್ಕೆ

ಕೋರ್‌ಬೂಟ್ ಈಗಾಗಲೇ ಹಾಕಿರುವ ಥಿಂಕ್‌ಪ್ಯಾಡ್ ಎಕ್ಸ್230 ಥರದ ಯಂತ್ರ ಇದ್ದರೆ ನಿಮ್ಮ ಪೇಲೋಡ್ ಅನ್ನು ಮುಖ್ಯ ಜಾಗಕ್ಕೆ ಹಾಕಬೇಡಿ. ಅಲ್ಲಿ ಸೀಬಯಾಸ್ ಇರಲಿ. ನಿಮ್ಮದನ್ನು ಸಿಬಿಎಫ್‌ಎಸ್‌ಟೂಲ್‌ನಿಂದ ಐಎಂಜಿ/ಹಲೋ ಎಂಬ ಹೆಸರಲ್ಲಿ ಸೇರಿಸಿ. ಐಎಂಜಿ ಎಂದು ಶುರುವಾಗುವ ಪೇಲೋಡ್‌ಗಳನ್ನೆಲ್ಲ ಸೀಬಯಾಸ್ ತನ್ನ ಬೂಟ್ ಮೆನುವಿನಲ್ಲಿ ತೋರಿಸುತ್ತದೆ. ಕೋರ್‌ಇನ್ಫೋ, ಎನ್‌ವಿರ‍್ಯಾಮ್‌ಸಿಯುಐ, ಟಿಂಟ್ ಎಲ್ಲ ಹೀಗೇ ಸೇರುತ್ತವೆ. ನಿಮ್ಮ ಪ್ರೋಗ್ರಾಂ ಹದಗೆಟ್ಟರೂ ಪವರ್ ಆಫ್ ಮಾಡಿ ಆನ್ ಮಾಡಿದರೆ ಲಿನಕ್ಸ್ ಮಾಮೂಲಿನಂತೆ ಬರುತ್ತದೆ.

ಬರೆಯುವ ಮೊದಲು ಫ್ಲಾಶ್‌ರೋಮ್ ಎಂಬ ಸಾಧನದಿಂದ ಫರ್ಮ್‌ವೇರ್ ಇರುವ ಇಡೀ ಫ್ಲಾಶ್ ಚಿಪ್ಪನ್ನು ಎರಡು ಸಲ ಓದಿ, ಎರಡೂ ಫೈಲ್ ಒಂದೇ ಇವೆಯಾ ಹೋಲಿಸಿ, ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ಇಡಿ. ಹೊರಗಿನ ಪ್ರೋಗ್ರಾಮರ್, ಅಂದರೆ ಚಿಪ್ಪಿಗೆ ನೇರವಾಗಿ ಬರೆಯುವ ಸಾಧನ, ಕೈಯಲ್ಲಿಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಅಗ್ಗದ ಸಿಎಚ್341ಎ ಕಪ್ಪು ಬೋರ್ಡುಗಳಲ್ಲಿ ಹಲವು ಡೇಟಾ ತಂತಿಗಳಿಗೆ 5 ವೋಲ್ಟ್ ಕೊಡುತ್ತವೆ. ಆದರೆ ಇಂಥ ಲ್ಯಾಪ್‌ಟಾಪಿನ ಫ್ಲಾಶ್ ಚಿಪ್ 3.3 ವೋಲ್ಟಿನದು. ಮಲ್ಟಿಮೀಟರ್ ಇಟ್ಟು ನೋಡಿಯೇ ಕ್ಲಿಪ್ ಹಾಕಿ.

ಬೂಟ್ ಮೆನುವಿನಿಂದ ಒಮ್ಮೆ ನಿಮ್ಮ ಪೇಲೋಡ್ ಓಡಿಸಿ, ಆರ್ ಒತ್ತಿ ರೀಸೆಟ್ ಮಾಡಿ, ಈ ಸಲ ಲಿನಕ್ಸ್‌ಗೆ ಹೋಗಿ. ರೂಟ್ ಆಗಿ ಸಿಬಿಮೆಮ್ ಕಮಾಂಡ್‌ಗೆ ಸಿ ಆಯ್ಕೆ ಕೊಟ್ಟು ಲಾಗ್ ತೆರೆಯಿರಿ. ರೀಸೆಟ್‌ನಲ್ಲಿ ರ‍್ಯಾಮ್ ಅಳಿಸದ ಬೋರ್ಡ್ ಆಗಿದ್ದರೆ ಹಿಂದಿನ ಬೂಟ್‌ನ ಸಾಲುಗಳೂ ಅದರಲ್ಲಿ ಉಳಿದಿರುತ್ತವೆ, ನಿಮ್ಮ ಪ್ರಿಂಟ್‌ಎಫ್ ಸಾಲುಗಳೂ ಅಲ್ಲೇ ಸಿಗುತ್ತವೆ.